ಬ್ರಾಕೆಟ್ಟಿನ ಸೊಂಟದ ಮೇಲಿನ ಎರಡು

ನಮ್ಮ ಮೇಜಿನ ಎದುರು ಗೋಡೆಗೆ ಆ ಬೋರ್ಡು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬಿಳಿ ಹಲಗೆ, ಕಪ್ಪು ಅಕ್ಷರ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ತಿರುಪು. ಕೂರುವ ಸ್ಟೂಲಿಗೆ ಒಂದು ತಿರುಪು ಹಾಕಿಸಿ ಎಂದು ಕೇಳಿ ಕೇಳಿ ಬಾಯಿ ಬತ್ತಿದ್ದ ನಮಗೆ ಮೊದಲು ಕಂಡದ್ದು ಆ ತಿರುಪುಗಳೇ. ಅಕ್ಷರ ಆಮೇಲೆ ಕಂಡಿತು.

ಒಬ್ಬರಿಗೆ, ಒಂದು ಸರದಿಗೆ, ವಿರಾಮದ ನಿಮಿಷಗಳು = ೪೮ ÷ ೨(೯+೩)

ಅದುವರೆಗೆ ನಮಗೆ ವಿರಾಮವೆಂದರೆ ಗಂಟೆ. ಹೊಡೆದರೆ ಏಳುವುದು, ಮತ್ತೆ ಹೊಡೆದರೆ ಕೂರುವುದು. ಗಂಟೆ ಹೊಡೆಯುವವನಿಗೆ ಮನಸ್ಸು ಚೆನ್ನಾಗಿದ್ದರೆ ನಮ್ಮ ಹೊಟ್ಟೆಗೂ ಮೂತ್ರಕೋಶಕ್ಕೂ ಒಳ್ಳೆಯ ದಿನ. ಈಗ ಹೊಸ ಸಾಹೇಬರು ಬಂದಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೋರ್ಡಿನ ಪಕ್ಕ ನಿಂತು ಅವರು ಒಂದು ಭಾಷಣವನ್ನೇ ಮಾಡಿದರು.

"ಇನ್ನು ಮೇಲೆ ಈ ಕಾರ್ಖಾನೇಲಿ ಬಾಯಿಮಾತು ಇಲ್ಲ. ನಾವು ಕ್ಯಾಲ್ಕುಲೇಟರ್ ಮಾಡೋರು. ಲೆಕ್ಕದ ಮುಂದೆ ಮನುಷ್ಯ, ಯಂತ್ರ ಎಲ್ಲ ಒಂದೇ. ಲೆಕ್ಕ ಏನು ಹೇಳುತ್ತೋ ಅದೇ ನಿಯಮ."

ಚಪ್ಪಾಳೆ ತಟ್ಟಿದವನು ಒಬ್ಬನೇ, ನಮ್ಮ ಮೇಲ್ವಿಚಾರಕ. ಅವನ ಹೆತ್ತವರು ಏನಾದರೂ ಹೆಸರಿಟ್ಟಿರಬೇಕು. ಕೊರಳಲ್ಲಿ ಸದಾ ನೇತಾಡುವ ಸೀಟಿಯಿಂದಾಗಿ ನಮಗವನು ಸೀಟಿ. ಕೆಟ್ಟವನಲ್ಲ. ಕೆಟ್ಟ ನಿಯಮ ಸಿಕ್ಕರೆ ಕೆಟ್ಟವನು, ಒಳ್ಳೆಯದು ಸಿಕ್ಕರೆ ಒಳ್ಳೆಯವನು. ನೀರಿನ ಹಾಗೆ, ಪಾತ್ರೆಯದ್ದೇ ಆಕಾರ. ಅವನೇ ನಮಗೆ ಬಿಡಿಸಿ ಹೇಳಿದ: "ನೋಡಿ, ಈ ಮೇಜಿಗೆ ಅಂತ ಇರೋದು ಒಟ್ಟು ನಲವತ್ತೆಂಟು ನಿಮಿಷ. ಪಾಳಿಗೆ ಎರಡು ಸರದಿ ವಿರಾಮ. ಕೂತು ಪರೀಕ್ಷೆ ಮಾಡೋರು ಒಂಬತ್ತು, ನಿಂತು ಡಬ್ಬಿ ತುಂಬೋರು ಮೂರು. ಹಂಚ್ಕೊಳ್ಳಿ."

ಎಷ್ಟು ಎಂದು ಅವನು ಹೇಳಲಿಲ್ಲ. ಹೇಳಬಾರದೆಂದೇ ಅಪ್ಪಣೆ. ಗೋಡೆಯ ಮೇಲೆ ಉತ್ತರವನ್ನೇ ಬರೆದುಬಿಟ್ಟರೆ ಹೊರಗಿನಿಂದ ತಪಾಸಣೆಗೆ ಬರುವವರು ಓದಿಬಿಡುತ್ತಾರೆ. ಲೆಕ್ಕ ಬರೆದರೆ, ಅರ್ಥವಾದವರ ಹಾಗೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅನ್ಯಾಯ ಬಚ್ಚಿಡಲು ಲೆಕ್ಕಕ್ಕಿಂತ ಭದ್ರವಾದ ಪೆಟ್ಟಿಗೆಯನ್ನು ಇನ್ನೂ ಯಾರೂ ಮಾಡಿಲ್ಲ. ಬೀಗ ಬೇಕಿಲ್ಲ, ಎಲ್ಲರೆದುರೇ ತೆರೆದಿಡಬಹುದು.

ಆ ಮೇಜಿನಲ್ಲಿ ನಮ್ಮ ಮನೆಯವರೇ ಮೂವರು. ಅಮ್ಮ, ಅತ್ತಿಗೆ, ನಾನು. ಅಮ್ಮ ಕೂತು ಬೂದು ಬಣ್ಣದ ಕ್ಯಾಲ್ಕುಲೇಟರ್ ಪರೀಕ್ಷೆ ಮಾಡುವವಳು. ಅವಳೆದುರು ಅವಳ ಸೊಸೆ, ಅಂದರೆ ನನ್ನ ಅತ್ತಿಗೆ, ನೀಲಿಯದ್ದನ್ನು. ನಾನು ನಡುವೆ ನಿಂತು, ಒಂದೊಂದು ಡಬ್ಬಿಗೆ ಒಂಬತ್ತು ಬೂದು, ಮೂರು ನೀಲಿ ತುಂಬುವವಳು. ಅಂಗಡಿಯವರಿಗೆ ಹಾಗೇ ಬೇಕಂತೆ, ಯಾಕೆಂದು ಕೇಳಿದವರಿಲ್ಲ.

ಪರೀಕ್ಷೆಯೆಂದರೆ ಇಷ್ಟೇ. ಕೈಗೆ ಬಂದ ಯಂತ್ರದಲ್ಲಿ ಒಂದು ಲೆಕ್ಕ ಒತ್ತಬೇಕು. ಅಳಿಸಿ, ಅದೇ ಲೆಕ್ಕವನ್ನು ಮತ್ತೆ ಒತ್ತಬೇಕು. ಎರಡು ಸಲವೂ ಒಂದೇ ಉತ್ತರ ಬಂದರೆ ಹಸಿರು ಚೀಟಿ. ಬೇರೆ ಬೇರೆ ಬಂದರೆ ಕೆಂಪು ಚೀಟಿ. ಉತ್ತರ ಸರಿಯೋ ತಪ್ಪೋ ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ. ಕೆಂಪು ಚೀಟಿ ಬಿದ್ದದ್ದು ಅಂಗಳದಾಚೆಯ ಜಾಲರಿ ಕೋಣೆಗೆ ಹೋಗುತ್ತದೆ. ಅಂಟಿಸಿದವಳೇ ಮತ್ತೆ ಪರೀಕ್ಷೆ ಮಾಡಿ ಕಿತ್ತರೆ ಉಂಟು; ಬೇರೆ ಯಾರೂ, ಸಾಹೇಬರೂ, ಅದನ್ನು ಮುಟ್ಟುವ ಹಾಗಿಲ್ಲ. ಹಿಂದೆ ಯಾರೋ ಕೆಂಪು ಕಿತ್ತು ಹಸಿರು ಅಂಟಿಸಿ ಸಿಕ್ಕಿಬಿದ್ದಿದ್ದರಿಂದ ಬಂದ ನಿಯಮ. ಹೊಸ ಸಾಹೇಬರು ಬಂದ ದಿನವೇ ಅದನ್ನು ಓದಿ, ಭೇಷ್ ಎಂದು ಮತ್ತೊಮ್ಮೆ ಸಹಿ ಹಾಕಿದ್ದರು.

ಭಾಷಣ ಮುಗಿದ ಮೇಲೆ ಅಮ್ಮ ಕೈಯಲ್ಲಿದ್ದ ಬೂದು ಯಂತ್ರದಲ್ಲಿ ಬೋರ್ಡಿನ ಲೆಕ್ಕ ಒತ್ತಿದಳು.

"ಎರಡು," ಅಂದಳು.

"ಇನ್ನೂರ ಎಂಬತ್ತೆಂಟು," ಅಂದಳು ಅತ್ತಿಗೆ, ನೀಲಿಯದ್ದರಿಂದ ತಲೆಯೆತ್ತಿ.

ಅಮ್ಮ ಸೊಸೆಯ ಕಡೆ ತಿರುಗಿದಳು.

"ಕಣ್ಣು ಬಿಟ್ಟು ಒತ್ತೇ."

"ಬಿಟ್ಕೊಂಡೇ ಒತ್ತಿದೀನಿ ಅತ್ತೆ. ನೀವು ಕನ್ನಡಕ ಹಾಕ್ಕೊಳ್ಳಿ."

ಅಮ್ಮ ಮತ್ತೆ ಒತ್ತಿದಳು. ಎರಡು. ಅತ್ತಿಗೆ ಮತ್ತೆ ಒತ್ತಿದಳು. ಇನ್ನೂರ ಎಂಬತ್ತೆಂಟು. ಮೇಜಿನ ಬೂದುಗಳೆಲ್ಲ ಎರಡು ಅಂದವು, ನೀಲಿಗಳೆಲ್ಲ ಇನ್ನೂರ ಎಂಬತ್ತೆಂಟು ಅಂದವು. ಒಂದೂ ಮಾತು ಬದಲಿಸಲಿಲ್ಲ. ಎಲ್ಲಕ್ಕೂ ಹಸಿರು ಚೀಟಿಯೇ ಅಂಟಬೇಕು. ಬೂದಿನ ಮಿದುಳನ್ನು ಕಂಪನಿ ಒಂದು ಕಡೆಯಿಂದ ಕೊಳ್ಳುತ್ತದೆ, ನೀಲಿಯದ್ದನ್ನು ಇನ್ನೊಂದು ಕಡೆಯಿಂದ. ಎರಡು ಮನೆಯ ಸಂಸ್ಕಾರ ಬೇರೆ.

ಅತ್ತಿಗೆಗೆ ಇದು ಬರೀ ಲೆಕ್ಕವಾಗಿರಲಿಲ್ಲ. ಅಂಗಳದಾಚೆ, ಜಾಲರಿ ಕೋಣೆಗೆ ಅಂಟಿಕೊಂಡೇ ಇರುವ ಕೂಸಿನ ಕೋಣೆಯಲ್ಲಿ ಅವಳ ಪಾಪು ಇತ್ತು. ಇನ್ನೂ ಹಲ್ಲು ಬಂದಿರಲಿಲ್ಲ, ಆದರೆ ಹಠ ಅಜ್ಜಿಯದ್ದೇ: ಬಾಟಲಿ ಕೊಟ್ಟರೆ ತುಟಿ ಹೊಲಿದುಕೊಳ್ಳುತ್ತಿತ್ತು. ಎದೆಹಾಲೇ ಆಗಬೇಕು. ಎರಡು ನಿಮಿಷದಲ್ಲಿ ಅಂಗಳ ದಾಟಬಹುದು, ಕೆಲಸದ ಕೋಟಿನ ಗುಂಡಿ ಬಿಚ್ಚಬಹುದು, ಪಾಪು ಬಾಯಿ ತೆರೆಯಬಹುದು. ಅಷ್ಟರಲ್ಲಿ ಸೀಟಿ.

ಗಂಟೆ ಹೊಡೆಯಿತು. ಅಮ್ಮ ಎದ್ದು, ಕಕ್ಕಸಿನ ಬಾಗಿಲು ಮುಟ್ಟಿ, ಒಳಗೆ ಹೋಗದೆ, ಎರಡು ನಿಮಿಷಕ್ಕೆ ಸರಿಯಾಗಿ ವಾಪಸ್ ಬಂದು ಕೂತಳು. ಅತ್ತಿಗೆ ಬರಲಿಲ್ಲ. ಸೀಟಿ ಕೂಸಿನ ಕೋಣೆಯ ಬಾಗಿಲಿಗೆ ಹೋಗಿ ಊದಿದ. ಕುಡಿಯುತ್ತಾ ಕಣ್ಣು ಮುಚ್ಚಿದ್ದ ಪಾಪು ಬೆಚ್ಚಿಬಿದ್ದು ಕಿರುಚಿತು. ಅತ್ತಿಗೆ ಅಲ್ಲಿಂದಲೇ ನೀಲಿ ಯಂತ್ರ ಎತ್ತಿ ತೋರಿಸಿದಳು.

"ಇನ್ನೂರ ಎಂಬತ್ತೆಂಟರಲ್ಲಿ ಹತ್ತು ಕಳೀರಿ. ಉಳಿದಿದ್ದು ಮುಗೀಲಿ, ಬರ್ತೀನಿ. ಅಲ್ಲೀತನಕ ಬಾಯಲ್ಲಿರೋದನ್ನ ತೆಗೀರಿ, ಮಗು ಹೆದ್ರುತ್ತೆ."

ಸೀಟಿ ಕಳೆದು ನೋಡಿದ. ಅವಳ ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕಕ್ಕೆ ಎದುರಾಡುವುದು ಅವನಿಗೆ ಗೊತ್ತಿಲ್ಲ. ಹೋಗಿ ಸಾಹೇಬರನ್ನೇ ಕರೆತಂದ.

ಸಾಹೇಬರು ನೀಲಿ ಯಂತ್ರ ನೋಡಿದರು, ಬೂದು ನೋಡಿದರು, ಮತ್ತೆ ನೀಲಿ ನೋಡಿದರು. "ಅಲ್ಲಮ್ಮಾ, ಐದು ಗಂಟೆ ಹೊತ್ತು ಯಾರಾದ್ರೂ ವಿರಾಮ ಕೊಡ್ತಾರಾ? ಸಾಮಾನ್ಯ ಜ್ಞಾನ ಬೇಡ್ವಾ?"

"ಎರಡು ನಿಮಿಷ ಯಾರಾದ್ರೂ ಕೊಡ್ತಾರಾ ಸರ್?" ಅಂದಳು ಅತ್ತಿಗೆ. "ಹಂಗಾದ್ರೆ ನೀಲಿ ತಪ್ಪು ಅಂತ ಹೇಳ್ಬಿಡಿ. ನಾಳೆಯಿಂದ ಎಲ್ಲಕ್ಕೂ ಕೆಂಪು ಚೀಟಿ ಹಚ್ತೀನಿ."

ಸಾಹೇಬರು ಗೋದಾಮಿನ ಕಡೆ ನೋಡಿದರು. ಗೋದಾಮಿನಲ್ಲಿ ನೀಲಿ ಡಬ್ಬಿಗಳು ಸೂರು ಮುಟ್ಟುವಷ್ಟಿದ್ದವು. ಒಂದೊಂದರ ಮೇಲೂ 'ತಪ್ಪದ ಲೆಕ್ಕ, ತಪ್ಪಿಸಿಕೊಳ್ಳಲಾಗದ ಗುಣಮಟ್ಟ' ಎಂದು ಅಚ್ಚಾಗಿತ್ತು. ಬೂದು ಡಬ್ಬಿಯ ಮೇಲೂ ಅದೇ ಇತ್ತು.

"ನಮ್ಮ ಯಾವ ಯಂತ್ರವೂ ತಪ್ಪಲ್ಲ," ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸ್ವಲ್ಪ ಹೊತ್ತು ಯೋಚಿಸಿದರು. ಮುಖ ಅರಳಿತು. "ನೀವು ನೀವೇ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ. ಮೇಜಿನೋರೆಲ್ಲ ಒಂದೇ ಉತ್ತರ ಹೇಳಿದ ದಿನ ಅದನ್ನೇ ಕೊಡ್ತೀನಿ. ಒಮ್ಮತ ಬರೋ ತನಕ, ಚಿಕ್ಕದು ಯಾವುದೋ ಅದು. ಎರಡು."

ಬುದ್ಧಿವಂತ. ಒಂದು ಚೂರು ಬ್ರೆಡ್ಡನ್ನು ಎರಡು ಬೆಕ್ಕಿನ ನಡುವೆ ಎಸೆದು, ಮೀಸೆಯಡಿ ನಕ್ಕು ಹೊರಟುಹೋದ. ಇಂಥವರಿಗೆ ನಮ್ಮನ್ನು ಹೊಡೆಯಲು ಕೋಲು ಬೇಕಿಲ್ಲ. ನಮ್ಮ ನಮ್ಮ ಕೈಗೇ ಒಂದೊಂದು ಕೊಟ್ಟು ಹೋಗುತ್ತಾರೆ.

ಅವತ್ತಿನಿಂದ ಮೇಜು ಎರಡಾಯಿತು. ಬೂದಿನವರು ನೀಲಿಯವರಿಗೆ ಕತ್ತರಿ ಕೊಡಲಿಲ್ಲ. ನೀಲಿಯವರು ಬೂದಿನವರ ಸೀನಿಗೆ 'ನೂರು ವರ್ಷ' ಅನ್ನಲಿಲ್ಲ. ಯಾರದೋ ಸೋದರಮಾವ ಶಾಲೆಯ ಮೇಷ್ಟ್ರಂತೆ, ಅವರನ್ನು ಕೇಳಿಕೊಂಡು ಬಂದರು. "ಇಂಥ ಲೆಕ್ಕ ಬರೆದವನ ಕೈಗೆ ಮೊದಲು ಎರಡು ಬಿಗೀಬೇಕು" ಎಂದರಂತೆ ಮೇಷ್ಟ್ರು. ಆ ಇಡೀ ವಾರದಲ್ಲಿ ಕೇಳಿದ ಒಂದೇ ಒಂದು ಸರಿಯಾದ ಉತ್ತರ ಅದು. "ಎರಡು ಅಂದ್ರಲ್ಲಾ, ನೋಡಿದ್ರಾ!" ಎಂದು ಬೂದಿನವರು ಕುಣಿದಾಡಿದರು.

ಮನೆಯಲ್ಲಂತೂ ಕೇಳಬೇಡಿ. ಭಾಗಾಕಾರದ ಗುರುತು ನೋಡಿದ್ದೀರಲ್ಲ? ಮೇಲೊಂದು ಚುಕ್ಕಿ, ಕೆಳಗೊಂದು ಚುಕ್ಕಿ, ನಡುವೆ ಅಡ್ಡ ಮಲಗಿದ ಒಂದು ಗೆರೆ. ಆ ಗೆರೆಯೇ ನಮ್ಮಣ್ಣ. ಅಮ್ಮ ಆ ಕಡೆಯಿಂದ, ಅತ್ತಿಗೆ ಈ ಕಡೆಯಿಂದ, ಅವನು ಮಾತ್ರ ನಡುವೆ ಹಾಸಿಗೆಯಲ್ಲಿ ಚಪ್ಪಟೆ.

"ನೋಡೇ," ಅಮ್ಮ ಪಾತ್ರೆ ತಿಕ್ಕುತ್ತಾ ಶುರುಮಾಡುತ್ತಿದ್ದಳು, "ಆ ಎರಡು ಇದೆಯಲ್ಲ, ಅದು ಬ್ರಾಕೆಟ್ಟಿಗೆ ಅಂಟ್ಕೊಂಡಿದೆ. ನಡುವೆ ಒಂದು ಗುರುತಾದ್ರೂ ಇದ್ಯಾ? ಇಲ್ಲ. ಯಾಕೆ? ಅದು ಬ್ರಾಕೆಟ್ಟಿನ ಸೊಂಟದ ಮೇಲೆ ಕೂತಿರೋ ಮಗು. ತಾಯಿ ಸೊಂಟದಿಂದ ಮಗೂನ ಕಿತ್ತು ಹಾದಿಯಲ್ಲಿ ಹೋಗೋ ಭಾಗಾಕಾರದ ಕೈಗೆ ಕೊಡ್ತಾರಾ ಯಾರಾದ್ರೂ? ಮೊದಲು ಅವೆರಡೂ ಒಂದಾಗ್ಬೇಕು. ಆಮೇಲೆ ಭಾಗ."

"ಸಾಲು ಅಂದ್ರೆ ಸಾಲು ಅತ್ತೆ," ಅತ್ತಿಗೆ ಬಟ್ಟೆ ಹಿಂಡುತ್ತಾ. "ನೀರಿನ ನಲ್ಲಿ ಮುಂದೆ ನಿಂತಿರ್ತೀವಿ. ಎಡಗಡೆಯಿಂದ ಯಾರು ಮೊದಲು ಬಂದ್ರೋ ಅವರ ಕೊಡ ಮೊದಲು. ಬ್ರಾಕೆಟ್ಟಿನ ನೆಂಟ ಅಂತ ಮುಂದೆ ನುಗ್ಗಿದ್ರೆ ನಾನು ಬಿಡಲ್ಲ."

"ಮಗೂನ ಕೀಳ್ಬಾರ್ದು ಅಂತೀನಿ, ಅಷ್ಟೇ."

"ಕೀಳ್ಬಾರ್ದಾ? ನನ್ನ ಮಗು ಅಂಗಳದಾಚೆ ಗಂಟಲು ಹರಿದುಕೊಳ್ತಿದೆ. ನೀವು ಕಾಗದದ ಮೇಲಿರೋ ಎರಡನ್ನ ಸೊಂಟಕ್ಕೆ ಹತ್ತಿಸ್ಕೊಂಡು ಕೂತಿದೀರಿ!"

ಅಮ್ಮನ ಕೈ ಪಾತ್ರೆಯಲ್ಲೇ ನಿಂತಿತು. ಅವಳಿಗೆ ಮೊಮ್ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ತನ್ನ ಎರಡು ನಿಮಿಷದ ವಿರಾಮದಲ್ಲಿ ಕಕ್ಕಸಿಗೂ ಹೋಗದೆ ಅಂಗಳ ದಾಟಿ, ಪಾಪುವಿನ ಮುಖ ನೋಡಿ, ಸೆರಗಿಲ್ಲದ ಕೋಟಿನ ತೋಳಲ್ಲಿ ಕಣ್ಣೊರೆಸಿಕೊಂಡು ಓಡಿಬರುತ್ತಿದ್ದಳು. ಆದರೆ ಮೂರನೆಯ ನಿಮಿಷ ಕದಿಯುತ್ತಿರಲಿಲ್ಲ.

"ಒಂದು ಸಲ ಇನ್ನೂರ ಎಂಬತ್ತೆಂಟು ಅಂದ್ಬಿಡಮ್ಮ," ಅಂದೆ ನಾನು. "ಸುಮ್ನೆ ಬಾಯಿಮಾತಿಗೆ. ಒಮ್ಮತ ಆಗುತ್ತೆ, ಪಾಪು ಕುಡಿಯುತ್ತೆ."

"ನಾನು ಕೈಯಾರೆ ಹಸಿರು ಚೀಟಿ ಹಚ್ಚಿದ ಬೂದುಗಳು ಊರೂರಲ್ಲಿ, ಅಂಗಡಿ ಅಂಗಡೀಲಿ ಕೂತು ಲೆಕ್ಕ ಹಾಕ್ತಿವೆ ಕಣೇ. ಅವೆಲ್ಲ ಸುಳ್ಳು ಹೇಳ್ತಿವೆ ಅನ್ಲಾ? ಇಷ್ಟು ವರ್ಷ ನಾನು ಮಾಡಿದ್ದೇನು ಹಂಗಾದ್ರೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಆ ಮೊಲ ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಅವಳು ತಿಕ್ಕಿಟ್ಟ ಪಾತ್ರೆ ಒರೆಸತೊಡಗಿದೆ.

ಬುಧವಾರ ಅತ್ತಿಗೆಯ ಕೋಟಿನ ಎದೆಯ ಮೇಲೆ ಎರಡು ಒದ್ದೆ ಕಲೆ. ಅಂಗಳದಾಚೆಯಿಂದ ಪಾಪು ಅತ್ತಾಗಲೆಲ್ಲ ಅವು ದೊಡ್ಡದಾಗುತ್ತಿದ್ದವು. ಅವಳು ಒಂದು ಕೈಯಲ್ಲಿ ಎದೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತಿದ್ದಳು. ಸಾಹೇಬರು ದಿನಕ್ಕೊಮ್ಮೆ ಬಂದು "ಒಮ್ಮತ ಬಂತಾ?" ಎಂದು ಕೇಳುವರು. ಬೂದು ಒಂದು ಕಡೆ ಕೂಗುತ್ತಿತ್ತು, ನೀಲಿ ಇನ್ನೊಂದು ಕಡೆ ಕೂಗುತ್ತಿತ್ತು, ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ಇಡೀ ಕಾರ್ಖಾನೆಯಲ್ಲಿ ಹಾಲು ಕುಡಿಯದೆ ಉಳಿದದ್ದು ಪಾಪು ಒಂದೇ.

ಅವತ್ತು ಸಂಜೆ ಕೂಸಿನ ಕೋಣೆಯ ಆಯಾ ಅತ್ತಿಗೆಯನ್ನು ತಡೆದು ನಿಲ್ಲಿಸಿದಳು. ಮಾತು ಒರಟು, ಮನಸ್ಸು ಒಳ್ಳೆಯದು.

"ನೋಡಮ್ಮ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಕೇಳಿದ್ದೆ. ಅತ್ತೆ ಸೊಸೆ ಲೆಕ್ಕದಲ್ಲಿ ಬಡವಾಗೋದನ್ನ ಈಗ್ಲೇ ನೋಡ್ತಿರೋದು. ಮಗು ಸೊರಗ್ತಿದೆ. ಈ ವಾರ ಮುಗಿಯೋದ್ರೊಳಗೆ ನೀನು ಬಂದು ಕುಡಿಸೋ ಹಾಗಿದ್ರೆ ಇಟ್ಕೋತೀನಿ. ಇಲ್ಲಾಂದ್ರೆ ಕೆಲಸ ಬಿಟ್ಟು ಮನೇಲಿರು. ನನ್ನ ಕೈಯಲ್ಲಿ ಹೆಚ್ಚು ಕಮ್ಮಿ ಆಗೋದು ಬೇಡ."

ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಬಿಡದಿದ್ದರೆ ಮಗು ನಿಲ್ಲುವುದಿಲ್ಲ. ಅತ್ತಿಗೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಮ್ಮನೂ ಮಾತಾಡಲಿಲ್ಲ. ಆ ರಾತ್ರಿ ನಮ್ಮಣ್ಣ ಇಬ್ಬರ ನಡುವೆ ಎದ್ದು ಕೂತು "ಯಾರಾದ್ರೂ ಜಗಳ ಆಡ್ರೇ, ಹೆದರಿಕೆ ಆಗುತ್ತೆ" ಅಂದ.

ಗುರುವಾರ ಬೆಳಿಗ್ಗೆ ಮೊದಲ ಬೋರ್ಡಿನ ಪಕ್ಕ ಎರಡನೆಯ ಬೋರ್ಡು. ಅದೇ ಅಳತೆ, ಅವೇ ಹಿತ್ತಾಳೆ ತಿರುಪು.

ಒಬ್ಬರು, ಒಂದು ಪಾಳಿಯಲ್ಲಿ, ಪರೀಕ್ಷಿಸಬೇಕಾದ ಯಂತ್ರಗಳು = ೪೮ ÷ ೨(೯+೩)

ಸೀಟಿ ಬಿಡಿಸಿ ಹೇಳಿದ. "ಒಂದೊಂದು ಸ್ಟೂಲಿನ ಪಾಲಿಗೆ ದಿನಕ್ಕೆ ನಲವತ್ತೆಂಟು ಡಬ್ಬಿ. ಎರಡು ಪಾಳಿಗೆ ಹಂಚಿದ್ರೆ ಪಾಳಿಗೆ ಇಪ್ಪತ್ತನಾಲ್ಕು. ಡಬ್ಬಿಗೆ ಒಂಬತ್ತು ಬೂದು, ಮೂರು ನೀಲಿ. ಗುಣಿಸ್ಕೊಳ್ಳಿ. ಇನ್ನೂರ ಎಂಬತ್ತೆಂಟು." ಈ ಸಲ ಉತ್ತರ ಹೇಳಲು ಅವನಿಗೆ ಅಪ್ಪಣೆ ಇತ್ತು. ಅದುವರೆಗೆ ನಾವು ಮಾಡುತ್ತಿದ್ದುದು ಅದರರ್ಧ. ಅಷ್ಟಕ್ಕೇ ಸಂಜೆ ಹೊತ್ತಿಗೆ ಬೆರಳು ಮಡಚುತ್ತಿರಲಿಲ್ಲ.

ಮೇಜಿನವರೆಲ್ಲ ತಮ್ಮ ತಮ್ಮ ಬೆರಳು ನೋಡಿಕೊಂಡರು. ಅಮ್ಮ ಮಾತ್ರ ತಲೆ ವಾಲಿಸಿ ಎರಡೂ ಬೋರ್ಡು ನೋಡುತ್ತಿದ್ದಳು, ಅವಳಿ ಮಕ್ಕಳಲ್ಲಿ ಯಾವುದು ಯಾವುದೆಂದು ಹುಡುಕುವವಳ ಹಾಗೆ. ಆಮೇಲೆ ಬೂದು ಯಂತ್ರ ಎತ್ತಿಕೊಂಡು ಎರಡನೆಯ ಬೋರ್ಡಿನ ಲೆಕ್ಕ ಒತ್ತಿದಳು. ಅಳಿಸಿ, ಮತ್ತೆ ಒತ್ತಿದಳು.

"ಎರಡು," ಅಂದಳು.

ಹಸಿರು ಚೀಟಿ ಹಚ್ಚಿ ಆ ಯಂತ್ರವನ್ನು ನನ್ನ ಕಡೆ ದೂಡಿದಳು. ಇನ್ನೊಂದು ಎತ್ತಿ, ಪರೀಕ್ಷೆ ಮಾಡಿ, ಹಸಿರು ಹಚ್ಚಿ, ದೂಡಿದಳು. ಕನ್ನಡಕ ಮಡಚಿ ಗೂಡಿಗೆ ಹಾಕಿದಳು. ಒರೆಸುವ ಬಟ್ಟೆ ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟಳು. ಎದ್ದು ನಿಂತಳು.

"ಎಲ್ಲಿಗೆ?" ಅಂದ ಸೀಟಿ.

"ಮನೆಗೆ. ಎರಡು ಮಾಡಬೇಕಿತ್ತು, ಮಾಡಿದೆ. ಎಣಿಸ್ಕೋ."

ಅತ್ತಿಗೆ ಬಾಯಿ ತೆರೆದು ನೋಡಿದಳು. ಅಮ್ಮ ಅವಳ ಕಡೆ ತಿರುಗಿದಳು.

"ನೀನು ಯಾಕೆ ಇನ್ನೂ ಕೂತಿದೀಯೇ? ನಿನ್ನ ಲೆಕ್ಕದಲ್ಲಿ ವಿರಾಮ ಇನ್ನೂರ ಎಂಬತ್ತೆಂಟು ತಾನೆ? ಹೋಗು. ನನ್ನ ಲೆಕ್ಕದಲ್ಲಿ ಕೆಲಸ ಎರಡೇ. ನಾನೂ ಬರ್ತೀನಿ. ನಿನ್ನ ಲೆಕ್ಕ ತಪ್ಪೇ. ಅದರಲ್ಲಿ ಸಂಶಯ ಇಟ್ಕೋಬೇಡ. ಆದ್ರೂ ಏಳು."

ಅತ್ತಿಗೆ ಎದ್ದಳು. ಬೂದಿನವರೆಲ್ಲ ಒಂದೊಂದು ಕೈಗೆ ಒಂದೊಂದು ಯಂತ್ರ ತೆಗೆದುಕೊಂಡು, ಪರೀಕ್ಷೆ ಮಾಡಿ, ಹಸಿರು ಹಚ್ಚಿ ಎದ್ದರು. ನೀಲಿಯವರು ಏನೂ ಮಾಡದೆ ಎದ್ದರು. ನಾಲ್ಕು ದಿನ ಒಬ್ಬರ ಮುಖ ಒಬ್ಬರು ನೋಡದ ಹೆಂಗಸರು, ಒಬ್ಬರ ಉತ್ತರ ಒಬ್ಬರು ಒಪ್ಪದೆಯೇ, ಒಂದೇ ಬಾಗಿಲ ಕಡೆ ಹೊರಟರು. ಸೀಟಿ ಊದಿದ. ಊದಿ ಊದಿ ಕೆನ್ನೆ ನೋವು ಬಂದು ನಿಲ್ಲಿಸಿದ.

ಸಾಹೇಬರು ಓಡಿಬಂದರು. ಅವರ ಅಂಗಿಯ ಇಸ್ತ್ರಿ ಮೊದಲ ಸಲ ಮುರಿದಿತ್ತು. "ಏನಿದು? ಒಮ್ಮತ ಬರದೆ ಎರಡು ನಿಮಿಷಕ್ಕಿಂತ ಹೆಚ್ಚು ಏಳೋ ಹಾಗಿಲ್ಲ ಅಂದಿದ್ದೆನಲ್ಲ!"

"ಏಳೋದ್ರಲ್ಲಿ ಒಮ್ಮತ ಬಂದಿದೆ," ಅಂದಳು ಅತ್ತಿಗೆ.

"ನಿಲ್ಲಿ ಸಾಹೇಬ್ರೇ, ಅಲ್ಲೇ ನಿಲ್ಲಿ," ಅಮ್ಮ ಅಂದಳು. ಕನ್ನಡಕ ಮತ್ತೆ ಹಾಕಿಕೊಂಡಳು. ಅವಳು ಹೀಗೆ ಕನ್ನಡಕ ಹಾಕಿಕೊಂಡು ಕತ್ತು ಮುಂದೆ ಚಾಚಿದಳೆಂದರೆ ಎದುರಿಗಿರುವುದು ಪರೀಕ್ಷೆಗೆ ಬಂದ ಮಾಲೆಂದೇ ಅರ್ಥ. ಮೊದಲ ಬೋರ್ಡು ತೋರಿಸಿದಳು. "ಇದು ಎಷ್ಟು?"

"ಎಷ್ಟು ಸಲ ಹೇಳ್ಲಿ? ಎರಡು."

"ಇದು?"

"ಇನ್ನೂರ ಎಂಬತ್ತೆಂಟು."

"ಲೆಕ್ಕ ಎರಡೂ ಒಂದೇನಾ?"

ಸಾಹೇಬರು ಸೀಟಿಯ ಕಡೆ ನೋಡಿದರು. ಸೀಟಿಗೆ ಅದು ಅಪ್ಪಣೆಯ ಹಾಗೆ ಕಂಡಿತು. ಸ್ಟೂಲು ಎಳೆದುಕೊಂಡು ಹತ್ತಿ, ಒಂದು ಬೆರಳು ಆ ಬೋರ್ಡಿನ ಮೇಲೆ, ಒಂದು ಬೆರಳು ಈ ಬೋರ್ಡಿನ ಮೇಲೆ ಇಟ್ಟು, ಅಂಕಿಯಿಂದ ಅಂಕಿಗೆ ಸರಿಸುತ್ತಾ ಹೋದ. ತಿರುಪಿಲ್ಲದ ಸ್ಟೂಲು ಅಲುಗಾಡುತ್ತಿತ್ತು. ಕೊನೆಯ ಬ್ರಾಕೆಟ್ಟಿಗೆ ಬಂದು, "ಅದೇ ಸರ್," ಅಂದ. "ಚುಕ್ಕಿ ಸಮೇತ ಅದೇ."

"ಅಲ್ಲಿ ಸಂದರ್ಭ ಬೇರೆ, ಇಲ್ಲಿ ಸಂದರ್ಭ ಬೇರೆ!"

ಅತ್ತಿಗೆ ನೀಲಿ ಯಂತ್ರ ಮುಂದೆ ಹಿಡಿದಳು. "ಇದ್ರಲ್ಲಿ ಸಂದರ್ಭದ ಗುಂಡಿ ಎಲ್ಲಿದೆ ತೋರಿಸಿ ಸರ್. ನಾನೂ ಒತ್ಕೋತೀನಿ."

"ನಮ್ಮ ಬೂದು ಎರಡೂ ಕಡೆ ಎರಡು ಅನ್ನುತ್ತೆ," ಅಂದಳು ಅಮ್ಮ. "ಇವಳ ನೀಲಿ, ತಲೆಕೆಟ್ಟಿದ್ದೇ ಇರ್ಲಿ, ಎರಡೂ ಕಡೆ ಇನ್ನೂರ ಎಂಬತ್ತೆಂಟು ಅನ್ನುತ್ತೆ. ಕೊಡೋವಾಗ ಒಂದು, ಕಿತ್ಕೊಳ್ಳೋವಾಗ ಒಂದು ಅನ್ನೋ ಯಂತ್ರ ನನ್ನ ಮೇಜಿಗೆ ಇವತ್ತಿನವರೆಗೂ ಬಂದಿರ್ಲಿಲ್ಲ."

ಕೆಂಪು ಚೀಟಿಯ ಸುರುಳಿಯಿಂದ ಒಂದು ಹರಿದಳು. ಅವಸರವಿಲ್ಲದೆ, ಮೂಲೆ ಮಡಚದ ಹಾಗೆ, ದಿನವೂ ಮಾಡುವ ನಾಜೂಕಿನಲ್ಲಿ, ಸಾಹೇಬರ ಬಿಳಿ ಅಂಗಿಯ ಜೇಬಿನ ಮೇಲೆ ಅಂಟಿಸಿ ಹೆಬ್ಬೆಟ್ಟಿನಿಂದ ಒಮ್ಮೆ ಉಜ್ಜಿದಳು.

ಸಾಹೇಬರು ಕೀಳಲು ಕೈ ಎತ್ತಿದರು. ಆ ಕೈಯನ್ನು ಸೀಟಿ ಹಿಡಿದುಕೊಂಡ. ತಾನೇ ಹಿಡಿದದ್ದೆಂದು ತಿಳಿದು ಅವನಿಗೇ ಬೆವರು ಬಂತು, ಆದರೆ ಬಿಡಲಿಲ್ಲ.

"ಸರ್, ಅಂಟಿಸಿದೋರು ಬಿಟ್ಟು ಬೇರೆ ಯಾರೂ ತೆಗೆಯೋ ಹಾಗಿಲ್ಲ. ನೀವೇ ಸಹಿ ಹಾಕಿದೀರಿ."

"ಅದು ಯಂತ್ರಕ್ಕಯ್ಯಾ! ನಾನು ಮನುಷ್ಯ!"

"ಲೆಕ್ಕದ ಮುಂದೆ ಎಲ್ಲ ಒಂದೇ ಅಂದ್ರಲ್ಲ ಸರ್ ಸೋಮವಾರ," ಅಂದ ಸೀಟಿ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಆ ಭಾಷಣಕ್ಕೆ ಚಪ್ಪಾಳೆ ತಟ್ಟಿದವನು ಅವನೊಬ್ಬನೇ, ನಂಬಿದವನೂ ಅವನೊಬ್ಬನೇ. "ಬನ್ನಿ ಸರ್. ಮೆಟ್ಟಿಲಿದೆ, ನೋಡ್ಕೊಂಡು."

ಅಂಗಳದ ನಡುವೆ ಅವರಿಬ್ಬರೂ ಹೋದರು. ಹಿಂದೆ ನಾವು. ಜಾಲರಿ ಕೋಣೆಯ ಬಾಗಿಲು ತೆರೆದು, ಕೆಟ್ಟ ಕ್ಯಾಲ್ಕುಲೇಟರ್‌ಗಳ ಗುಡ್ಡೆಯ ಪಕ್ಕ ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ಧೂಳು ಒರೆಸಿ, ಸೀಟಿ ಸಾಹೇಬರನ್ನು ಕೂರಿಸಿದ. ಹೊರಗೆ ಬಂದು ಅಗುಳಿ ಹಾಕಿದ. ಗೇಟಿನ ಕಾವಲಿನವನು ಬಂದು ಇಣುಕಿ, ಕೆಂಪು ಚೀಟಿ ಕಂಡು, "ಓ, ಚೀಟಿ ಬಿದ್ದಿದ್ಯಾ" ಎಂದು ವಾಪಸ್ ಹೋದ.

ಅತ್ತಿಗೆ ಇದ್ಯಾವುದನ್ನೂ ನೋಡಲಿಲ್ಲ. ಅವಳು ಆಗಲೇ ಪಕ್ಕದ ಕೋಣೆಯಲ್ಲಿದ್ದಳು. ಆಯಾ ಪಾಪುವನ್ನು ಅವಳ ಮಡಿಲಿಗೆ ಹಾಕಿದಳು. ಪಾಪು ಅಳು ನಿಲ್ಲಿಸಿ, ಅವಳ ಮುಖವನ್ನು ಒಮ್ಮೆ ಅನುಮಾನದಿಂದ ನೋಡಿ, ಬಾಯಿ ಹಾಕಿತು. ನುಂಗುವ ಸದ್ದು ಗೋಡೆಯಾಚೆಗೂ ಕೇಳುವಷ್ಟಿತ್ತು. ಅತ್ತಿಗೆ ಕಣ್ಣು ಮುಚ್ಚಿದಳು. ಅವಳ ನೀಲಿ ಯಂತ್ರ ಕಿಟಕಿಯ ಮೇಲೆ, ೨೮೮ ಎಂದು ತೋರಿಸುತ್ತಾ, ಬಿಸಿಲು ಕಾಯುತ್ತಿತ್ತು.

ಅಮ್ಮ ಜಾಲರಿಯ ಹತ್ತಿರ ಹೋಗಿ ನಿಂತಳು.

"ಕಷ್ಟ ಏನಿಲ್ಲ ಸಾಹೇಬ್ರೇ. ಎರಡೂ ಬೋರ್ಡಿಗೆ ಒಂದೇ ಉತ್ತರ ಹೇಳಿ. ಚೀಟಿ ಕೀಳ್ತೀನಿ. ಎರಡು ಅಂತೀರೋ, ಇನ್ನೂರ ಎಂಬತ್ತೆಂಟು ಅಂತೀರೋ, ನಂಗೇನೂ ಹಠ ಇಲ್ಲ." ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು.

ಸಾಹೇಬರು ಬಾಯಿ ತೆರೆದರು. ಎರಡೆಂದರೆ ಒಬ್ಬೊಬ್ಬರು ಎರಡೆರಡು ಯಂತ್ರ ಮುಗಿಸಿ ಮನೆಗೆ ಹೋಗುತ್ತಾರೆ. ಇನ್ನೂರ ಎಂಬತ್ತೆಂಟೆಂದರೆ ಒಂದು ಸರದಿಯ ವಿರಾಮವೇ ಪಾಳಿಯ ಅರ್ಧ ದಾಟುತ್ತದೆ. ಎರಡು ಸರದಿಯಾದರೆ ಪಾಳಿ ಮುಗಿದ ಮೇಲೂ ವಿರಾಮ ಉಳಿಯುತ್ತದೆ. ಬಾಯಿ ಮುಚ್ಚಿದರು. ಗುಡ್ಡೆಯಿಂದ ಒಂದು ಕೆಟ್ಟ ಯಂತ್ರ ತೆಗೆದು ಒತ್ತತೊಡಗಿದರು. ಅದು ಒಂದು ಸಲ ಏಳು ಎಂದಿತು, ಇನ್ನೊಂದು ಸಲ ಏನೂ ಅನ್ನಲಿಲ್ಲ.

"ಒಂದು ಕೆಲಸ ಮಾಡೋಣ," ಅಂದರು ಕೊನೆಗೆ, ದನಿ ತಗ್ಗಿಸಿ. "ಮೊದಲ ಬೋರ್ಡಿಗೆ ಹೊರಗಡೆಯಿಂದ ಇನ್ನೊಂದು ಬ್ರಾಕೆಟ್ಟು ಹಾಕ್ಸಿಬಿಡ್ತೀನಿ. ಯಾರಿಗೂ ಗೊಂದಲ ಇರಲ್ಲ. ಮೊದಲು ನನ್ನನ್ನ ಹೊರಗೆ ಬಿಡಿ."

"ಅದೆಂಗಾಗುತ್ತೆ?" ಅಂದಳು ಅಮ್ಮ. "ಬ್ರಾಕೆಟ್ಟಿನೊಳಗಿರೋದು ಮೊದಲು ಬಗೆಹರೀಬೇಕು. ಹೊರಗಿಂದು ಆಮೇಲೆ."

"ಅದರಲ್ಲಿ ನಮಗೂ ನಿಮಗೂ ಜಗಳ ಇಲ್ಲ ಅತ್ತೆ," ಎಂದಳು ಅತ್ತಿಗೆ ಗೋಡೆಯಾಚೆಯಿಂದ.

ಮಧ್ಯಾಹ್ನ ಮುಖ್ಯ ಕಚೇರಿಯಿಂದ ಫೋನು ಬಂತು. ಸೀಟಿಯೇ ಎತ್ತಿಕೊಂಡ. ಅವನು ಸುಳ್ಳು ಹೇಳುವವನಲ್ಲ.

"ಸಾಹೇಬರು ರಿಪೇರಿಗೆ ಹೋಗಿದಾರೆ ಸರ್... ಹೌದು ಸರ್, ಒಂದೇ ಪ್ರಶ್ನೆಗೆ ಎರಡು ಉತ್ತರ ಬರ್ತಿದೆ... ಇಲ್ಲ ಸರ್, ಬದಲಿ ಕಳಿಸೋದಾದ್ರೆ ಕಳಿಸಿ, ಮೇಜಿನಲ್ಲಿ ಪರೀಕ್ಷೆ ಆಗ್ಬೇಕು."

ಸಂಜೆಯವರೆಗೂ ಬದಲಿ ಬರಲಿಲ್ಲ. ಗಂಟೆಗೊಮ್ಮೆ ಅಮ್ಮ ಸಾಹೇಬರಿಗೆ ನೀರು, ಊಟದ ಹೊತ್ತಿಗೆ ಊಟ ತೆಗೆದುಕೊಂಡು ಹೋಗುತ್ತಿದ್ದಳು. ಮಾಲು ಕೆಟ್ಟಿದೆಯೆಂದು ಉಪವಾಸ ಕೆಡವುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಜಾಲರಿಯ ಸಂದಿಯಿಂದ ಲೋಟ ಕೊಟ್ಟು, ಅವರು ಕುಡಿದು ಮುಗಿಸುವ ತನಕ ಕಾದು, ಕನ್ನಡಕ ಏರಿಸಿಕೊಂಡು ಕೇಳುವಳು:

"ಎಷ್ಟು ಸಾಹೇಬ್ರೇ?"

ಸಾಹೇಬರು ಬಹಳ ಹೊತ್ತು ಯೋಚಿಸುವರು. ಜೇಬಿನ ಮೇಲಿನ ಕೆಂಪು ಚೀಟಿಯನ್ನು ಒಮ್ಮೆ ನೋಡಿಕೊಳ್ಳುವರು.

"ಯಾವ ಬೋರ್ಡಿಂದು?"

"ಇನ್ನೂ ಆಗಿಲ್ಲ," ಎಂದು ಅಮ್ಮ ಲೋಟ ಇಸಿದುಕೊಳ್ಳುವಳು.

ಸಂಜೆ ಅತ್ತಿಗೆ ಪಾಪುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು. ಹೊಟ್ಟೆ ತುಂಬಿದ ಪಾಪು ಅವಳ ಭುಜದ ಮೇಲೆ ದೊಡ್ಡದಾಗಿ ತೇಗಿತು. ಅಮ್ಮ ಕೈ ಚಾಚಿದಳು.

"ಕೊಡು ಇಲ್ಲಿ, ನಿನಗೆ ಕೈ ನೋವು."

"ಸೊಂಟದಿಂದ ಕೀಳ್ಬಾರ್ದು ಅಂದಿದ್ರಿ ಅತ್ತೆ."

"ನಾನು ಭಾಗಾಕಾರ ಏನೇ? ಅಜ್ಜಿ. ಕೊಡು."

ಪಾಪು ಈ ಸೊಂಟದಿಂದ ಆ ಸೊಂಟಕ್ಕೆ ಹೋಯಿತು. ಗೇಟು ದಾಟುವ ಹೊತ್ತಿಗೆ ಸಾಲು ಮೊದಲೋ ನಂಟು ಮೊದಲೋ ಎಂದು ಇಬ್ಬರೂ ಮತ್ತೆ ಶುರುಮಾಡಿದ್ದರು. ಹಿಂದಿನಿಂದ ಜಾಲರಿ ಅಲುಗಾಡಿಸುತ್ತಾ ಸಾಹೇಬರು ಏನೋ ಒಂದು ಅಂಕಿ ಕೂಗಿದರು. ಅಮ್ಮ ತಿರುಗಿ ನೋಡದೆ ಕೂಗಿ ಹೇಳಿದಳು:

"ಅದನ್ನೇ ಇನ್ನೊಂದ್ಸಲ ಹೇಳಿ!"